ಸತ್ತ ಅಪ್ಪನಿಗೆ ಇಷ್ಟೊಂದು ರಿಯಾಯಿತಿ ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಬರಹ. ಅದೂ ಒಂದು ಅಮೆರಿಕನ್ ದೆವ್ವದ ಧಾರಾವಾಹಿಯ ಬಗ್ಗೆ. "ನಿನಗೆ ಬೇರೆ ಕೆಲಸ ಇಲ್ವೇನಯ್ಯಾ" ಅನ್ನುವವರು ಇಲ್ಲೇ ಇಳಿದುಕೊಳ್ಳಬಹುದು, ಮುಂದಿನ ಸ್ಟಾಪು ಸ್ವಲ್ಪ ದೂರ ಇದೆ :-)

ಧಾರಾವಾಹಿಯ ಹೆಸರು ಸೂಪರ್‌ನ್ಯಾಚುರಲ್. ಎರಿಕ್ ಕ್ರಿಪ್ಕಿ ಎಂಬಾತ ಹುಟ್ಟುಹಾಕಿದ್ದು. 2005ರ ಸೆಪ್ಟೆಂಬರ್ 13ಕ್ಕೆ ಶುರುವಾಗಿ 2020ರ ನವೆಂಬರ್ 19ಕ್ಕೆ ಮುಗಿಯಿತು. ಹದಿನೈದು ಸೀಸನ್ನು, 327 ಎಪಿಸೋಡು. (ನಮ್ಮ ಮೆಗಾ ಧಾರಾವಾಹಿಗಳ ಲೆಕ್ಕದಲ್ಲಿ ಇದು ಒಂದು ವರ್ಷ ಚಿಲ್ಲರೆಯ ಸರಕು, ಆ ಮಾತು ಬೇರೆ.) ಡೀನ್ ಅಣ್ಣ, ಸ್ಯಾಮ್ ತಮ್ಮ. 1983ರ ನವೆಂಬರ್ 2ರ ರಾತ್ರಿ ಕ್ಯಾನ್ಸಸ್ಸಿನ ಲಾರೆನ್ಸ್ ಊರಿನ ಮನೆಯಲ್ಲಿ ಇವರ ತಾಯಿಯನ್ನು ಒಂದು ಪಿಶಾಚಿ ಸುಟ್ಟು ಕೊಂದಿತು. ಆಗ ಡೀನನಿಗೆ ನಾಲ್ಕು ವರ್ಷ, ಸ್ಯಾಮನಿಗೆ ಆರು ತಿಂಗಳು. ಅಪ್ಪ ಜಾನ್ ವಿಂಚೆಸ್ಟರ್ ಆ ನಾಲ್ಕು ವರ್ಷದ ಹುಡುಗನ ಕೈಗೆ ಕೂಸನ್ನು ಕೊಟ್ಟು, ಹೊರಗೆ ಓಡು, ತಿರುಗಿ ನೋಡಬೇಡ ಅಂದ. ಇಡೀ ಧಾರಾವಾಹಿ ನಿಂತಿರುವುದು ಈ ಒಂದು ಅಪ್ಪಣೆಯ ಮೇಲೆ. ಡೀನ್ ಆ ಕೂಸನ್ನು ಕೆಳಗೆ ಇಳಿಸಿದ್ದೇ ಇಲ್ಲ.

ಅಪ್ಪ ಪಿಶಾಚಿಯನ್ನು ಹುಡುಕುತ್ತಾ ಮಕ್ಕಳನ್ನು ಒಂದು ಹಳೆಯ 1967ರ ಷೆವರ್ಲೆ ಇಂಪಾಲಾ ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ದೇಶವೆಲ್ಲಾ ತಿರುಗಿದ. ದೊಡ್ಡವನು ಅಪ್ಪನ ಮಾತಿಗೆ ಎದುರಾಡದ ಸಿಪಾಯಿ ಆದ. ಚಿಕ್ಕವನು ಜಗಳ ಆಡಿ ಸ್ಟ್ಯಾನ್‌ಫರ್ಡಿಗೆ ಓದಲು ಹೋದ, ಹೋಗುವುದಾದರೆ ಮತ್ತೆ ಬರಬೇಡ ಅಂದ ಅಪ್ಪ. ನಂತರ ಎರಡನೇ ಸೀಸನ್ನಿನ ಮೊದಲ ಎಪಿಸೋಡು, 2006ರ ಸೆಪ್ಟೆಂಬರ್ 28. ಕಾರಿಗೆ ಲಾರಿ ಗುದ್ದಿ ಡೀನ್ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ, ಉಳಿಯುವುದಿಲ್ಲ ಅಂದಿದ್ದಾರೆ. ಅಪ್ಪ ಅದೇ ಪಿಶಾಚಿಯ ಜೊತೆ ವ್ಯಾಪಾರ ಮಾಡಿ, ತನ್ನ ಪ್ರಾಣ ಕೊಟ್ಟು, ದೊಡ್ಡ ಮಗನನ್ನು ಉಳಿಸಿ ಸತ್ತುಹೋಗುತ್ತಾನೆ. ಆಮೇಲೆ ಅಣ್ಣ ತಮ್ಮ ಕಿತ್ತಾಡುತ್ತಾರೆ.

ಆ ಕಿತ್ತಾಟದ ಬಗ್ಗೆ ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ. ನನ್ನ ತಕರಾರು ಇರುವುದು ಇವರ ಜೊತೆ.

ಇವರಲ್ಲಿ ಎರಡು ಪಾರ್ಟಿ. ಸ್ಯಾಮ್ ಪಾರ್ಟಿ, ಡೀನ್ ಪಾರ್ಟಿ. (ಧಾರಾವಾಹಿಯವರೇ 2009ರ ಒಂದು ಎಪಿಸೋಡಿನಲ್ಲಿ ಈ ಪಾರ್ಟಿಗಳನ್ನು ತಮಾಷೆ ಮಾಡಿದ್ದರು, ಅದಕ್ಕೂ ಇವರಿಗೆ ನಾಚಿಕೆ ಆಗಲಿಲ್ಲ.) ಸ್ಯಾಮ್ ಪಾರ್ಟಿಯ ವಾದ ಇಷ್ಟು: ತಮ್ಮ ಪಾಪ ಮಾತಾಡಿಸಲು ಬರುತ್ತಾನೆ, ಅಣ್ಣ ಬಾಯಿ ಬಿಡುವುದಿಲ್ಲ, ಕಾರು ರಿಪೇರಿ ಮಾಡುತ್ತಾ ಕೂತಿರುತ್ತಾನೆ, ಚುಚ್ಚಿ ಮಾತಾಡುತ್ತಾನೆ, ಕೊನೆಗೆ ಮುಖಕ್ಕೆ ಗುದ್ದುತ್ತಾನೆ. ಕಲ್ಲು ಹೃದಯ. ಡೀನ್ ಪಾರ್ಟಿಯ ವಾದ: ಬದುಕಿದ್ದಾಗ ಅಪ್ಪನ ಜೊತೆ ದಿನಾ ಜಗಳ ಆಡಿದವನು, ಮನೆ ಬಿಟ್ಟು ಹೋದವನು, ಅಪ್ಪ ಸತ್ತ ಮೇಲೆ ದಿಢೀರಂತ ಒಳ್ಳೆಯ ಮಗ ಆಗಿ, ಅಪ್ಪ ಇದ್ದಿದ್ದರೆ ಹೀಗೆ ಮಾಡುತ್ತಿದ್ದರು ಅನ್ನುವುದು ನಾಟಕ. ಹದಿನೈದು ಇಪ್ಪತ್ತು ವರ್ಷದಿಂದ ಇದೇ ಎರಡು ತಟ್ಟೆಯ ತಕ್ಕಡಿ. ಇವನ ಕಣ್ಣೀರು ಎಷ್ಟು ಗ್ರಾಂ, ಅವನ ಮೌನ ಎಷ್ಟು ಗ್ರಾಂ.

ನಾನು ಕೇಳುವುದು ಒಂದೇ. ಈ ಕೋರ್ಟಿನಲ್ಲಿ ಮೂರನೇ ಆರೋಪಿ ಎಲ್ಲಿ? ಜಾನ್ ವಿಂಚೆಸ್ಟರನಿಗೆ ಯಾಕೆ ಸಮನ್ಸೇ ಹೋಗಿಲ್ಲ? ಸತ್ತಿದ್ದಾನೆ ಅಂತಲೇ?

ಆ ಆಸ್ಪತ್ರೆಯ ಕೊನೆಯ ಭಾಗವನ್ನು ಸುಮ್ಮನೆ ಇನ್ನೊಂದು ಸಲ ನೋಡಿ. ಅಪ್ಪನಿಗೆ ತಾನು ಸಾಯುವುದು ಗೊತ್ತು. ಮಕ್ಕಳಿಬ್ಬರಿಗೂ ಗೊತ್ತಿಲ್ಲ. ಸ್ಯಾಮ್ ಬಂದು ರೇಗುತ್ತಾನೆ, ಅಪ್ಪ ಇವತ್ತು ಜಗಳ ಬೇಡ ಅನ್ನುತ್ತಾನೆ, ಬಹಳ ಮೆತ್ತಗೆ, ಅದನ್ನು ಒಪ್ಪುತ್ತೇನೆ. ಆದರೆ ಮುಂದೆ? ಹೋಗಿ ಒಂದು ಕಪ್ಪು ಕಾಫಿ ತಂದುಕೊಡು ಅಂತ ಹೊರಗೆ ಕಳಿಸುತ್ತಾನೆ. ಚಿಕ್ಕ ಮಗನ ಪಾಲಿಗೆ ಅಪ್ಪನ ಕೊನೆಯ ಮಾತು ಕಾಫಿ! ಇತ್ತ ಡೀನನನ್ನು ಕೂರಿಸಿಕೊಂಡು, ನಾನು ನಿನ್ನ ಮೇಲೆ ಹೆಚ್ಚು ಭಾರ ಹಾಕಿಬಿಟ್ಟೆ, ನೀನು ಬೇಗ ದೊಡ್ಡವನಾಗಬೇಕಾಯಿತು, ನಿನ್ನ ಬಗ್ಗೆ ನನಗೆ ಹೆಮ್ಮೆ ಇದೆ ಎಂಬರ್ಥದ ಮಾತುಗಳನ್ನೆಲ್ಲಾ ಹೇಳುತ್ತಾನೆ. ಹೇಳಿದ ಮರುಗಳಿಗೆಯಲ್ಲೇ ಬಗ್ಗಿ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾನೆ. ಡೀನನ ಮುಖ ನೋಡಬೇಕು ಆಗ. ಜೆನ್ಸನ್ ಆಕಲ್ಸ್ ಒಂದು ಮಾತೂ ಆಡದೆ ಆ ಮುಖದಲ್ಲೇ ಎಲ್ಲಾ ಹೇಳಿಬಿಟ್ಟ. ಭಾರ ಹೆಚ್ಚಾಯಿತು ಅಂತ ಕ್ಷಮೆ ಕೇಳಿದವನು ಹಾಗೇ ಇನ್ನೊಂದು ಮೂಟೆ ಹೇರಿಬಿಟ್ಟು ಎದ್ದು ಹೋದ. ಆ ಕಡೆಯಿಂದ ಕಪ್ಪು ಹಿಡಿದು ಬಂದ ಸ್ಯಾಮ್ ನೋಡುವುದು ನೆಲದ ಮೇಲೆ ಬಿದ್ದ ಅಪ್ಪನನ್ನು.

ಪಿಸುಗುಟ್ಟಿದ್ದು ಏನು ಅಂತ ನಮಗೆ ಗೊತ್ತಾಗಿದ್ದು 2007ರ ಜನವರಿಯಲ್ಲಿ. ಸ್ಯಾಮನನ್ನು ಕಾಪಾಡು, ಕಾಪಾಡಲು ಆಗದಿದ್ದರೆ ನೀನೇ ಅವನನ್ನು ಕೊಲ್ಲಬೇಕಾದೀತು. ಆ ಪಿಶಾಚಿ ಕೂಸಾಗಿದ್ದಾಗಲೇ ಸ್ಯಾಮನ ಮೇಲೆ ಕಣ್ಣು ಹಾಕಿತ್ತು ಅನ್ನುವುದು ಅಪ್ಪನಿಗೆ ತಿಳಿದಿತ್ತು, ಅದಕ್ಕೆ. ಸರಿ, ಕಾರಣ ಇದೆ. ಆದರೆ ಈ ಮಾತನ್ನು ಯಾರಿಗೆ ಹೇಳಿದ? ನಾಲ್ಕು ವರ್ಷದಿಂದ ತಮ್ಮನನ್ನು ಎತ್ತಿಕೊಂಡೇ ಬೆಳೆದವನಿಗೆ. ಇದಕ್ಕಿಂತ ಕ್ರೂರವಾದ ಆಸ್ತಿ ಹಂಚಿಕೆ ನಾನಂತೂ ಯಾವ ಕಥೆಯಲ್ಲೂ ನೋಡಿಲ್ಲ. ಚಿಕ್ಕವನಿಗೆ ಬರಿಗೈ, ದೊಡ್ಡವನಿಗೆ ಕತ್ತಿ.

ಈಗ ಎರಡನೇ ಎಪಿಸೋಡಿಗೆ ಬನ್ನಿ, ಎಲ್ಲ ಜಗಳ ಶುರುವಾಗುವುದು ಇಲ್ಲಿಂದಲೇ. ಅಕ್ಟೋಬರ್ 5, 2006. ಅಪ್ಪನ ಚಿತೆ ಉರಿಯುತ್ತಿದೆ. (ಹೌದು, ಇವರು ಹೂಳುವುದಿಲ್ಲ, ಸೌದೆ ಒಟ್ಟಿ ಸುಡುತ್ತಾರೆ. ಹೂತರೆ ದೆವ್ವ ಆಗಿ ಬಂದೀತು ಅಂತ ಬೇಟೆಗಾರರ ಲೆಕ್ಕ.) ಸ್ಯಾಮ್ ಅಳುತ್ತಾ ಕೇಳುತ್ತಾನೆ, ಹೋಗುವ ಮುಂಚೆ ಅಪ್ಪ ನಿನಗೆ ಏನಾದರೂ ಹೇಳಿದರಾ? ಡೀನ್ ಬೆಂಕಿ ನೋಡುತ್ತಾ, ಇಲ್ಲ, ಏನೂ ಇಲ್ಲ ಅನ್ನುತ್ತಾನೆ. ಸ್ಯಾಮ್ ಪಾರ್ಟಿಯವರು ಈ ಸುಳ್ಳನ್ನು ಹಿಡಿದುಕೊಂಡು ಡೀನನನ್ನು ಬಯ್ಯುತ್ತಾರೆ. ಅಲ್ರೀ, ಅವನು ಏನು ಹೇಳಬೇಕಿತ್ತು? ಅಪ್ಪನ ಹೆಣ ಮುಂದೆ ಉರಿಯುತ್ತಿರುವಾಗ, ಹೂಂ, ನಿನ್ನನ್ನು ಕೊಲ್ಲಲು ಹೇಳಿದ್ದಾರೆ ಅನ್ನಬೇಕಿತ್ತಾ?

ಅಂದಿನ ಅಭಿಮಾನಿಗಳನ್ನು ಕ್ಷಮಿಸಬಹುದು. 2006ರ ಅಕ್ಟೋಬರಿನಲ್ಲಿ ಅವರಿಗೂ ಪಿಸುಮಾತು ಕೇಳಿಸಿರಲಿಲ್ಲ. ಅವರು ಕಂಡದ್ದು ಮಾತಾಡದ ಒಬ್ಬ ಅಣ್ಣ ಅಷ್ಟೆ. ಆದರೆ ಇವತ್ತು ಎಲ್ಲಾ ಸೀಸನ್ನುಗಳನ್ನೂ ಹಿಂದೆ ಮುಂದೆ ಮಾಡಿ ನೋಡಬಹುದು. ನೋಡಿದವರೂ ಅದೇ ಹಳೇ ತೀರ್ಪು ಓದುತ್ತಾರಲ್ಲ, ಅದು ನನಗೆ ತಡೆಯುವುದಿಲ್ಲ.

ಅದೇ ಎಪಿಸೋಡಿನ ಕೊನೆ. ಸ್ಯಾಮ್ ಗುಜರಿ ಅಂಗಳಕ್ಕೆ ಬಂದು, ನೀನು ಹೇಳಿದ್ದು ಸರಿ, ನಾನು ಮಾಡುತ್ತಿರುವುದು ಬಹಳ ತಡ ಆಯಿತು, ಬಹಳ ಕಡಿಮೆ ಆಯಿತು, ನನಗೆ ಅವರು ಇಲ್ಲದ್ದು ತಡೆಯಲಾಗುತ್ತಿಲ್ಲ, ನಾನು ಸರಿಯಾಗಿಲ್ಲ, ನೀನೂ ಸರಿಯಾಗಿಲ್ಲ ಅಂತ ಹೇಳಿ ಹೊರಟುಹೋಗುತ್ತಾನೆ. ಡೀನ್ ಸ್ವಲ್ಪ ಹೊತ್ತು ನಿಂತು, ಕಬ್ಬಿಣದ ಹಾರೆ ಎತ್ತಿಕೊಂಡು, ವಾರದಿಂದ ತಾನೇ ಒಂದೊಂದು ಭಾಗ ಜೋಡಿಸಿದ ಅದೇ ಇಂಪಾಲಾದ ಡಿಕ್ಕಿಯನ್ನು ಜಜ್ಜಿಹಾಕುತ್ತಾನೆ. ಮಾತಿಲ್ಲ. ಅದು ಅಪ್ಪ ಕೊಟ್ಟ ಕಾರು ಅನ್ನುವುದನ್ನು ಮರೆಯಬೇಡಿ. ಅವನು ತಮ್ಮನನ್ನು ಹೊಡೆಯಲಿಲ್ಲ, ಗುಜರಿಯ ಬೇರೆ ಕಾರಿನ ಗಾಜು ಒಡೆದು ಅಷ್ಟಕ್ಕೇ ಬಿಡಲಿಲ್ಲ, ಹೋಗಿ ಹೊಡೆದದ್ದು ಅಪ್ಪನ ಕಾರಿಗೆ. ಡೀನನಿಗೆ ಗೊತ್ತು ಆರೋಪಿ ಯಾರು ಅಂತ. ಬಾಯಿಗೆ ಬರುತ್ತಿಲ್ಲ, ಕೈಗೆ ಬಂದಿದೆ. ಅಭಿಮಾನಿಗಳಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ!

(ಮಧ್ಯೆ ಒಂದು ಮಾತು. ಈ ಎಪಿಸೋಡಿನಲ್ಲಿ ಅಣ್ಣ ತಮ್ಮ ಬೇಟೆ ಆಡುವುದು ಯಾರನ್ನು ಗೊತ್ತಾ? ರಾಕ್ಷಸನನ್ನು. ನಮ್ಮ ರಾಕ್ಷಸನನ್ನೇ, ಹೆಸರು ಸಹಿತ. ಆತ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಒಂದು ಸರ್ಕಸ್ ಸೇರಿಕೊಂಡು, ಬಫೂನ್ ವೇಷ ಹಾಕಿ, ಮಕ್ಕಳು ಬಾಗಿಲು ತೆಗೆದು ಒಳಗೆ ಕರೆದರೆ ಅಪ್ಪ ಅಮ್ಮನನ್ನು ತಿನ್ನುತ್ತಾನೆ, ಸತ್ತ ಹುಳಗಳ ಹಾಸಿಗೆ ಮೇಲೆ ಮಲಗುತ್ತಾನೆ, ಹಿತ್ತಾಳೆ ಚುಚ್ಚಿದರೆ ಸಾಯುತ್ತಾನೆ. ಹಿತ್ತಾಳೆ! ಲಂಕೆಯಲ್ಲಿ ಯಾರಿಗಾದರೂ ಮೊದಲೇ ತಿಳಿದಿದ್ದರೆ ಅಷ್ಟು ದೊಡ್ಡ ಸೇತುವೆ ಕಟ್ಟಿ ಯುದ್ಧ ಮಾಡುವ ಬದಲು ನಾಲ್ಕು ಬಿಂದಿಗೆ ಎಸೆದು ಮುಗಿಸಬಹುದಿತ್ತು :-) ಇರಲಿ, ವಿಷಯಕ್ಕೆ ಬರೋಣ.)

ಈಗ ನನ್ನ ಸಿಟ್ಟಿಗೆ ಕಾರಣ ಹೇಳುತ್ತೇನೆ, ಇಲ್ಲದಿದ್ದರೆ ಇವನಿಗೇನು ಬಂತು ಅನ್ನಿಸುತ್ತದೆ. ನಮ್ಮಪ್ಪ ಹೋದಾಗ ಅಣ್ಣ ಅಳಲಿಲ್ಲ. ಸೌದೆಗೆ ಓಡಿದ, ಶಾಮಿಯಾನದವನಿಗೆ ಓಡಿದ, ಪುರೋಹಿತರ ಪಟ್ಟಿ ಹಿಡಿದು ಅಂಗಡಿಗೆ ಓಡಿದ, ಡೆತ್ ಸರ್ಟಿಫಿಕೇಟಿಗೆ ಮೂರು ಸಲ ಅಲೆದ. ಹನ್ನೊಂದನೇ ದಿನ ಊಟಕ್ಕೆ ಕೂತ ಪಂಕ್ತಿಯಲ್ಲೇ ನೆಂಟರೊಬ್ಬರು ಅಂದರು, ದೊಡ್ಡೋನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ನೋಡಿ ಅಂತ. ಪಕ್ಕದಲ್ಲಿ ಇನ್ನೊಬ್ಬರು, ಚಿಕ್ಕೋನು ಬೆಂಗಳೂರಿನಿಂದ ಹಬ್ಬಕ್ಕೆ ಮಾತ್ರ ಬರೋನು, ಈಗ ಗೊಳೋ ಅಂತಾನೆ ಅಂದರು. ಚಿಕ್ಕೋನು ನಾನು. ಒಂದೇ ಪಂಕ್ತಿ, ಅದೇ ಎರಡು ತಟ್ಟೆಯ ತಕ್ಕಡಿ, ಹೋಳಿಗೆ ಬಡಿಸುತ್ತಿದ್ದರು. ನಾನೂ ಅಣ್ಣನೂ ಎಂಟು ತಿಂಗಳು ನೆಟ್ಟಗೆ ಮಾತಾಡಲಿಲ್ಲ. ಅಪ್ಪನ ಹಳೇ ಸ್ಕೂಟರನ್ನು ಮಾರೋಣ ಅಂದಿದ್ದಕ್ಕೆ ಅವನು ತಟ್ಟೆ ಬಿಟ್ಟು ಎದ್ದುಹೋದ. ಯಾರೂ ಓಡಿಸದ ಸ್ಕೂಟರು, ಆದರೂ ದಿನಾ ಬೆಳಗ್ಗೆ ಕಿಕ್ ಹೊಡೆದು ಎರಡು ನಿಮಿಷ ಶಬ್ದ ಕೇಳಿ ಆಫ್ ಮಾಡುತ್ತಿದ್ದ. ಆಮೇಲೆ ಅತ್ತಿಗೆಯ ಬಾಯಿಂದ ಗೊತ್ತಾಯಿತು. ಅಪ್ಪ ಇಬ್ಬರು ಮೂವರ ಹತ್ತಿರ ಕೈಸಾಲ ಮಾಡಿಟ್ಟಿದ್ದರು, ಹೋಗುವ ಮುಂಚೆ ಅಣ್ಣನಿಗೆ ಮಾತ್ರ ಲೆಕ್ಕ ಹೇಳಿ, ತಮ್ಮನಿಗೆ ತಿಳಿಸಬೇಡ, ಅವನು ಓದಿ ಮುಂದೆ ಬರಲಿ ಅಂದಿದ್ದರು. ಹದಿಮೂರೂ ದಿನ ಮನೆಗೆ ಬಂದು ಸಂತಾಪ ಹೇಳಿದವರಲ್ಲಿ ಸಾಲ ಕೊಟ್ಟವರೂ ಇದ್ದರು, ಅಣ್ಣ ಅವರಿಗೂ ಕಾಫಿ ಕೊಟ್ಟ.

ನಮ್ಮಪ್ಪ ಕೆಟ್ಟವರಲ್ಲ. ಆ ಮಾತನ್ನೂ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ನಮ್ಮಿಬ್ಬರ ಮಧ್ಯೆ ಆ ಎಂಟು ತಿಂಗಳು ಕೂತಿದ್ದು ಅವರ ಮಾತು. ನಾನೂ ಅಲ್ಲ, ಅಣ್ಣನೂ ಅಲ್ಲ. ಅದಕ್ಕೇ ಡೀನ್ ಕಲ್ಲು ಹೃದಯ, ಸ್ಯಾಮ್ ನಾಟಕದವನು ಅಂತ ಯಾರಾದರೂ ಶುರು ಮಾಡಿದರೆ ನನಗೆ ಆ ಪಂಕ್ತಿ, ಆ ಹೋಳಿಗೆ ಕಣ್ಣ ಮುಂದೆ ಬರುತ್ತದೆ.

ಸರಿ, ಎದುರು ವಾದಗಳನ್ನು ನೋಡೋಣ. ಒಂದು: ಜಾನ್ ತನ್ನ ಪ್ರಾಣವನ್ನೇ ಕೊಟ್ಟನಲ್ಲಪ್ಪಾ, ಇನ್ನೇನು ಬೇಕು? ಇದು ಡೀನ್ ಪಾರ್ಟಿಯವರಿಗೂ ಸ್ಯಾಮ್ ಪಾರ್ಟಿಯವರಿಗೂ ಸಮಾನವಾಗಿ ಪ್ರಿಯವಾದ ವಾದ. ನನ್ನ ಮಟ್ಟಿಗೆ ಈ ಧಾರಾವಾಹಿಯಲ್ಲಿ ಪ್ರಾಣ ಕೊಡುವುದು ಎಲ್ಲಕ್ಕಿಂತ ಸುಲಭದ ಕೆಲಸ, ಒಂದು ವ್ಯಾಪಾರ, ಒಂದು ರಾತ್ರಿ, ಮುಗಿಯಿತು. ಅದರ ಕಂತು ಕಟ್ಟುವವರು ಉಳಿದವರು. ನಾಲ್ಕನೇ ಎಪಿಸೋಡಿನ ಕೊನೆಯಲ್ಲಿ ಡೀನ್ ರಸ್ತೆ ಬದಿ ಕಾರು ನಿಲ್ಲಿಸಿ ಕೊನೆಗೂ ಬಾಯಿ ಬಿಡುತ್ತಾನೆ. ಅಪ್ಪ ಸತ್ತಿದ್ದು ನನ್ನಿಂದ, ನಾನು ಎದ್ದು ಬಂದದ್ದೇ ತಪ್ಪು, ಇದನ್ನು ಇಟ್ಟುಕೊಂಡು ನಾನು ಹೇಗೆ ಬದುಕಲಿ ಎಂಬ ಅರ್ಥದ ಮಾತು. ಆ ಎಪಿಸೋಡಿನ ಕಥೆಯೂ ಅದೇ: ಸತ್ತ ಹುಡುಗಿಯನ್ನು ಪ್ರೀತಿ ಅಂತ ಎಬ್ಬಿಸಿ ತಂದವನೊಬ್ಬನ ಕಥೆ. ತಂದದ್ದು ಪ್ರೀತಿಯಲ್ಲ, ಹೆಣ. ಅಷ್ಟು ಸ್ಪಷ್ಟವಾಗಿ ಬರೆದವರು ಹೇಳಿದ್ದಾರೆ. ಆಮೇಲೆ 2007ರ ಮೇ ತಿಂಗಳಲ್ಲಿ ಸ್ಯಾಮ್ ಸತ್ತಾಗ ಡೀನ್ ಹೋಗಿ ಅದೇ ವ್ಯಾಪಾರ ಮಾಡಿ ಬರುತ್ತಾನೆ, ತನ್ನ ಪ್ರಾಣ, ಒಂದು ವರ್ಷದ ಗಡುವು. ತನ್ನನ್ನು ಸುಟ್ಟ ಬೆಂಕಿಯನ್ನೇ ತಮ್ಮನ ಮಡಿಲಿಗೆ ಹಾಕಿದ. ಅಪ್ಪನಿಂದ ಕಲಿತ ವಿದ್ಯೆ! ಅಭಿಮಾನಿಗಳು ಆಗ ಕಣ್ಣೊರೆಸಿಕೊಂಡು ತ್ಯಾಗ ತ್ಯಾಗ ಅಂದರು.

ಎರಡು: ಜಾನನೂ ದುಃಖದಲ್ಲಿದ್ದವನು. ಹೆಂಡತಿಯನ್ನು ಕಣ್ಣೆದುರೇ ಕಳೆದುಕೊಂಡವನು, ವಿಯೆಟ್ನಾಂ ಯುದ್ಧ ನೋಡಿ ಬಂದ ಸೈನಿಕ, ಅವನಿಗೆ ಬೇರೆ ಭಾಷೆ ಗೊತ್ತಿರಲಿಲ್ಲ. ಈ ವಾದದಲ್ಲಿ ತೂಕ ಇದೆ, ನಾನು ತಳ್ಳಿಹಾಕುವುದಿಲ್ಲ. ಜೆಫ್ರಿ ಡೀನ್ ಮಾರ್ಗನ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ ಅಂದರೆ ಅವನು ತೆರೆಯ ಮೇಲೆ ಬಂದಾಗ ನನಗೂ ಕರುಳು ಚುರುಕ್ ಅನ್ನುತ್ತದೆ. ತಾನು ಯಾವಾಗಲೋ ಅಪ್ಪ ಆಗಿರುವುದನ್ನು ಬಿಟ್ಟು ಕವಾಯತು ಮಾಡಿಸುವ ಹವಾಲ್ದಾರ ಆಗಿಬಿಟ್ಟೆ ಅಂತ ಮೊದಲ ಸೀಸನ್ನಿನಲ್ಲೇ ಸ್ಯಾಮನ ಮುಂದೆ ಒಪ್ಪಿಕೊಳ್ಳುತ್ತಾನೆ ಕೂಡ.

ಆದರೆ ದುಃಖಕ್ಕೆ ಎಷ್ಟು ವರ್ಷದ ರಜಾ ಚೀಟಿ ಕೊಡುತ್ತೀರಿ? 1983ರಿಂದ 2006, ಇಪ್ಪತ್ಮೂರು ವರ್ಷ. ಆ ಅವಧಿಯಲ್ಲಿ ಮನೆ ನಡೆಸಿದ್ದು ಯಾರು? 2007ರಲ್ಲಿ ಬಂದ ಕ್ರಿಸ್‌ಮಸ್ ಎಪಿಸೋಡು ನೋಡಿ. ಕಥೆ ಹಿಂದಕ್ಕೆ 1991ಕ್ಕೆ ಹೋಗುತ್ತದೆ, ನೆಬ್ರಾಸ್ಕಾದ ಒಂದು ಅಗ್ಗದ ಮೋಟೆಲ್ ಕೋಣೆ. ಅಪ್ಪ ಹಬ್ಬಕ್ಕೆ ಬರುತ್ತೇನೆ ಅಂದವನು ಬಂದಿಲ್ಲ. ಹನ್ನೆರಡು ವರ್ಷದ ಡೀನ್ ಪಕ್ಕದ ಯಾರದೋ ಮನೆಗೆ ನುಗ್ಗಿ ಉಡುಗೊರೆ ಕದ್ದು ತಂದು, ಅಪ್ಪ ತಂದುಕೊಟ್ಟು ಹೋದರು ಅಂತ ತಮ್ಮನಿಗೆ ಹೇಳುತ್ತಾನೆ. ಬಿಚ್ಚಿದರೆ ಹುಡುಗಿಯರ ಆಟದ ಗೊಂಬೆ! ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಸ್ಯಾಮ್ ಅಪ್ಪನಿಗೆ ಅಂತ ಇಟ್ಟಿದ್ದ ತಾಯಿತವನ್ನು ಅಣ್ಣನಿಗೆ ಕೊಡುತ್ತಾನೆ. ಸುಳ್ಳು ಹೇಳಿ ಅಪ್ಪನ ಮಾನ ಉಳಿಸುವ ಕೆಲಸ ಡೀನ್ 2006ರಲ್ಲಿ ಚಿತೆ ಮುಂದೆ ಶುರುಮಾಡಿದ್ದಲ್ಲ, ಅದು ಅವನ ಬಾಲ್ಯದ ನೌಕರಿ. ಮೊದಲ ಸೀಸನ್ನಿನಲ್ಲಿ ಇನ್ನೊಂದು ಇದೆ, ಅದು ಇನ್ನೂ ಚಿಕ್ಕಂದಿನ ಕಥೆ. ಅಪ್ಪ ಬಂದೂಕು ಕೊಟ್ಟು ತಮ್ಮನನ್ನು ಕಾಯಲು ಬಿಟ್ಟುಹೋಗಿರುತ್ತಾನೆ, ಡೀನ್ ಬೇಸರವಾಗಿ ಸ್ವಲ್ಪ ಹೊತ್ತು ವಿಡಿಯೋ ಗೇಮ್ ಆಡಲು ಹೊರಗೆ ಹೋಗುತ್ತಾನೆ, ಅಷ್ಟರಲ್ಲಿ ತಮ್ಮನ ಮೇಲೆ ಒಂದು ಮಾಟಗಾತಿ ಬಂದು ಬಗ್ಗಿರುತ್ತದೆ. ಅಪ್ಪ ಸಮಯಕ್ಕೆ ಬಂದು ಉಳಿಸುತ್ತಾನೆ. ಆಮೇಲೆ ಅಪ್ಪ ತನ್ನನ್ನು ನೋಡುವ ನೋಟವೇ ಬದಲಾಯಿತು ಅನ್ನುತ್ತಾನೆ ಡೀನ್. ಆ ಮಗುವಿನ ತಪ್ಪಂತೆ!

ಮೂರನೇ ವಾದ ಬಹಳ ಬುದ್ಧಿವಂತರದ್ದು: ಅಂಥ ಬದುಕಿನಲ್ಲಿ ಮಕ್ಕಳನ್ನು ಬೇರೆ ರೀತಿ ಬೆಳೆಸಲು ಸಾಧ್ಯವೇ ಇರಲಿಲ್ಲ, ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು. ಇದಕ್ಕೆ ಧಾರಾವಾಹಿಯೇ ಉತ್ತರ ಕೊಟ್ಟಿದೆ, 2009ರಲ್ಲಿ. ಆಡಂ ಅಂತ ಒಬ್ಬ ಮೂರನೇ ಮಗ ಇದ್ದ, ಬೇರೆ ತಾಯಿಯ ಮಗ. ಜಾನ್ ಆಗೀಗ ಆ ಊರಿಗೆ ಹೋಗಿ ಅವನನ್ನು ಬೇಸ್‌ಬಾಲ್ ಆಟ ನೋಡಲು ಕರೆದುಕೊಂಡು ಹೋಗುತ್ತಿದ್ದ. ಆ ಫೋಟೋ ನೋಡಿದಾಗ ಡೀನನ ಮುಖ ಇದೆಯಲ್ಲ... ಅಂದರೆ ಜಾನನಿಗೆ ಬರುತ್ತಿತ್ತು! ಅಪ್ಪನಾಗುವುದು ಗೊತ್ತಿತ್ತು. ಈ ಇಬ್ಬರ ಪಾಲಿಗೆ ಮಾತ್ರ ಖರ್ಚಾಗಿ ಹೋಗಿತ್ತು. ಅದೇ ಎಪಿಸೋಡಿನಲ್ಲಿ ಇನ್ನೊಂದು ಚೋದ್ಯ: ಆಡಂನಿಗೆ ಬೇಟೆ ಕಲಿಸಬೇಕು, ಹಳೆಯ ಬದುಕು ಬಿಡಿಸಬೇಕು ಅಂತ ಹಟ ಹಿಡಿಯುವವನು ಸ್ಯಾಮ್, ಬೇಡ, ಇವನನ್ನಾದರೂ ಬಿಟ್ಟುಬಿಡೋಣ ಅನ್ನುವವನು ಡೀನ್. ನೀನೇ ನನಗಿಂತ ಅಪ್ಪನ ಥರ ಅಂತ ಡೀನ್ ಹೇಳುತ್ತಾನೆ, ಸ್ಯಾಮ್ ಅದನ್ನು ಹೊಗಳಿಕೆ ಅಂತ ತೆಗೆದುಕೊಳ್ಳುತ್ತಾನೆ. ಅಪ್ಪನ ಸಿಪಾಯಿ ಒಬ್ಬ, ಅಪ್ಪನ ವಿರೋಧಿ ಒಬ್ಬ ಅಂತ ಬೋರ್ಡು ಬರೆದು ಪಾರ್ಟಿ ಕಟ್ಟಿದವರು ಈ ದೃಶ್ಯವನ್ನು ಏನು ಮಾಡುತ್ತಾರೋ ನಾನು ಕಾಣೆ. ಬಹುಶಃ ಓಡಿಸಿಕೊಂಡು ಮುಂದೆ ಹೋಗುತ್ತಾರೆ.

ಇಷ್ಟಕ್ಕೂ ಡೀನನೇ ಹೇಳಿದ ಮೇಲೆ ನಾನು ಇಷ್ಟುದ್ದ ಕುಟ್ಟುವ ಅಗತ್ಯವೇ ಇರಲಿಲ್ಲ. 2008ರಲ್ಲಿ, ಮೂರನೇ ಸೀಸನ್ನಿನ ಕನಸಿನ ಎಪಿಸೋಡಿನಲ್ಲಿ, ಅವನದೇ ರೂಪ ಅವನ ಎದುರು ನಿಂತು, ನೀನು ಅಪ್ಪನ ಅಪ್ಪಣೆ ಪಾಲಿಸುವ ಬರೀ ಒಂದು ಹತಾರ, ನಿನಗೆ ನಿನ್ನದು ಅಂತ ಏನಿದೆ ಅಂತ ಚುಚ್ಚುತ್ತದೆ. ಆಗ ಸ್ಫೋಟ. ಸ್ಯಾಮನನ್ನು ಕಾಯುವ ಹೊರೆ ಅಪ್ಪನದಾಗಿತ್ತು, ಮನೆಯವರನ್ನು ಕಾಪಾಡಲಾಗದವನು ಅವನು, ಅದನ್ನೆಲ್ಲಾ ನನ್ನ ತಲೆಗೆ ಕಟ್ಟಿದ, ನನಗೆ ಅದು ಸಲ್ಲಬೇಕಾದ್ದಲ್ಲ ಅಂತ ಕಿರುಚಿಬಿಡುತ್ತಾನೆ. ಇಪ್ಪತ್ತೈದು ವರ್ಷದ ನಂತರ, ಅದೂ ಕನಸಿನಲ್ಲಿ, ಅದೂ ತನ್ನ ಎದುರಿಗೇ. ಸ್ಯಾಮ್ ಕೇಳುವ ಹಾಗೆ ಅಲ್ಲ. ಇಷ್ಟು ಸಾಕ್ಷಿ ಇಟ್ಟುಕೊಂಡು ಅಭಿಮಾನಿಗಳು ಇನ್ನೂ 2006ರ ಆ ಒಂದು ಗುದ್ದಿನ ಬಗ್ಗೆ ಮಾತಾಡುತ್ತಿದ್ದಾರೆ. ಆ ಗುದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಗಾರ್ಡನ್ ಎಂಬ ಇನ್ನೊಬ್ಬ ಬೇಟೆಗಾರನನ್ನು ನೀನು ಅಪ್ಪನ ಜಾಗದಲ್ಲಿ ಕೂರಿಸುತ್ತಿದ್ದೀಯ ಅಂದಿದ್ದಕ್ಕೆ ಬಿದ್ದ ಏಟು ಅದು. ಸ್ಯಾಮ್ ತಿರುಗಿ ಹೊಡೆಯುವುದಿಲ್ಲ, ಬೇಕಾದರೆ ಇನ್ನೊಂದು ಹೊಡಿ, ಅದರಿಂದ ಏನೂ ಬದಲಾಗುವುದಿಲ್ಲ ಎಂಬ ಹಾಗೆ ನಿಲ್ಲುತ್ತಾನೆ. ಸ್ಯಾಮ್ ಹೇಳಿದ್ದು ನಿಜ, ಅದಕ್ಕೇ ಏಟು ಬಿತ್ತು. ಒಂದೇ ವಾರದ ಹಿಂದೆ ಡೀನ್ ಸ್ಯಾಮನಿಗೆ ಅಂದಿದ್ದೂ ನಿಜವೇ. ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ನಿಜವನ್ನೇ ಹೇಳುತ್ತಿದ್ದಾರೆ, ಯಾರೂ ಸುಳ್ಳು ಆರೋಪ ಮಾಡುತ್ತಿಲ್ಲ. ಇಲ್ಲಿ ಗೆಲ್ಲುವ ಪಾರ್ಟಿ ಯಾವುದು ಹೇಳಿ?

ಇದರಲ್ಲಿ ಬರೆದವರ ಪಾಲೂ ಇದೆ. 2019ರ ಫೆಬ್ರವರಿಯಲ್ಲಿ ಬಂದ ಮುನ್ನೂರನೇ ಎಪಿಸೋಡಿನಲ್ಲಿ ಜಾನನನ್ನು ಒಂದು ಮಾಯದ ಮುತ್ತಿನ ದೆಸೆಯಿಂದ ವಾಪಸು ಕರೆತಂದರು. ಸತ್ತಿದ್ದ ತಾಯಿಯೂ ಆ ಹೊತ್ತಿಗೆ ಬದುಕಿ ಬಂದಿದ್ದಳು, ನಾಲ್ವರೂ ಕೂತು ಒಂದು ರಾತ್ರಿ ಊಟ ಮಾಡಿದರು. ಜಾನ್ ಸ್ಯಾಮನ ಕ್ಷಮೆ ಕೇಳಿದ, ಸ್ಯಾಮ್ ನೀವು ನಿಮ್ಮ ಕೈಲಾದದ್ದು ಮಾಡಿದಿರಿ ಅಂದ, ಎಲ್ಲರ ಕಣ್ಣಲ್ಲೂ ನೀರು. ನನ್ನ ಕಣ್ಣಲ್ಲೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಊಟ ಮುಗಿದ ಮೇಲೆ ಯೋಚಿಸಿದರೆ, ಆ ಪಿಸುಮಾತಿನ ಸುದ್ದಿಯೇ ಬರಲಿಲ್ಲ! ಚಿಕ್ಕ ಮಗನನ್ನು ಕೊಲ್ಲು ಅಂದಿದ್ದೆ ಅಂತ ಜಾನ್ ಆ ಮೇಜಿನ ಮೇಲೆ ಹೇಳಬೇಕಿತ್ತು, ಡೀನನ ಮುಖ ನೋಡಿ ಹೇಳಬೇಕಿತ್ತು. ಕಾಲೇಜಿಗೆ ಹೋದ ಹಳೇ ಜಗಳವನ್ನು ರಾಜಿ ಮಾಡಿಸಿ, ದೊಡ್ಡ ಸಾಲವನ್ನು ಹಾಗೇ ಮಡಚಿ ಪೆಟ್ಟಿಗೆಯಲ್ಲಿಟ್ಟರು. ಸಾಲದ್ದಕ್ಕೆ 2022ರಲ್ಲಿ ದಿ ವಿಂಚೆಸ್ಟರ್ಸ್ ಅಂತ ಜಾನ್ ಮೇರಿಯರ ಯೌವನದ ಪ್ರೇಮಕಥೆ ಬೇರೆ ತೆಗೆದರು. ಹದಿಮೂರು ಎಪಿಸೋಡಿಗೆ ಅದು ನಿಂತುಹೋಯಿತು. ನನಗಂತೂ ಬೇಜಾರಾಗಲಿಲ್ಲ.

ಈಗ ನನ್ನ ಮೇಲೆ ಹರಿಹಾಯುವವರು ಹರಿಹಾಯಿರಿ. ಒಂದೇ ಕೋರಿಕೆ, ಬರುವ ಮುಂಚೆ ಕೊನೆಯ ಎಪಿಸೋಡನ್ನು ನೋಡಿಕೊಂಡು ಬನ್ನಿ. ಡೀನ್ ಸತ್ತು ಸ್ವರ್ಗಕ್ಕೆ ಹೋಗುತ್ತಾನೆ. ಸ್ಯಾಮ್ ಒಬ್ಬನೇ ನಿಂತು ಅಣ್ಣನ ಚಿತೆಗೆ ಬೆಂಕಿ ಇಡುತ್ತಾನೆ, ಬದುಕುತ್ತಾನೆ, ಮಗ ಹುಟ್ಟುತ್ತಾನೆ, ಆ ಮಗನಿಗೆ ಡೀನ್ ಅಂತ ಹೆಸರಿಡುತ್ತಾನೆ. ಜಾನ್ ಅಂತ ಅಲ್ಲ. ಅತ್ತ ಸ್ವರ್ಗದಲ್ಲಿ ಡೀನನನ್ನು ಎದುರುಗೊಂಡ ಗುಜರಿ ಅಂಗಳದ ಬಾಬಿ, ನಿಮ್ಮ ಅಪ್ಪ ಅಮ್ಮನ ಮನೆ ಇಲ್ಲೇ ಹತ್ತಿರದಲ್ಲಿದೆ ಅಂತ ಕೈ ತೋರಿಸುತ್ತಾನೆ. ಮುಂದೆ ನಿನಗೆ ಏನು ಮಾಡಬೇಕು ಅನ್ನಿಸುತ್ತದೆ ಅಂತ ಕೇಳುತ್ತಾನೆ. ಡೀನ್ ಇಂಪಾಲಾ ಕಡೆ ನೋಡಿ, ಸ್ವಲ್ಪ ಡ್ರೈವ್ ಮಾಡಿಕೊಂಡು ಬರುತ್ತೇನೆ ಅನ್ನುತ್ತಾನೆ. ಅಪ್ಪನ ಮನೆ ಕಡೆಗೆ ಹೋಗುವುದನ್ನು ನಮಗೆ ತೋರಿಸುವುದಿಲ್ಲ. ಮರಗಳ ಮಧ್ಯದ ರಸ್ತೆಯಲ್ಲಿ ಕಾರು ಹೋಗುತ್ತಲೇ ಇರುತ್ತದೆ, ಹೋಗಿ ನಿಲ್ಲುವುದು ಒಂದು ಸೇತುವೆಯ ಮೇಲೆ, ಅಲ್ಲಿಗೆ ತಮ್ಮ ಬರುತ್ತಾನೆ.